ಒಂದೇ ಸಲ ಕೇಳಿದ್ದು

ಗುರುವಾರ, ಜಾವಾ ಪಂಚಾಂಗದ ಪೋನ್ ದಿನ.

ಮೀನು ಸತ್ತಿಲ್ಲ, ಪಂಪೂ ನಿಂತಿಲ್ಲ. ಆದರೂ ನಿದ್ದೆ ಹತ್ತುತ್ತಿಲ್ಲ. ಎಲ್ಲ ಆ ಗುಡಾಣದಿಂದ.

ಶರಬತ್ತಿನ ಹಳೆ ಡ್ರಮ್ಮಿನಲ್ಲಿ ಲೇಲೆ ಮೀನು ಬಿಟ್ಟಾಗಿತ್ತು. ಆ ನೀರನ್ನೇ ಪಂಪಿನಿಂದ ಹಾಯಿಸಿ ಸೊಪ್ಪು ಬೆಳೆಸಲು ಮಾತ್ರ ಪಾತ್ರೆ ಸಿಕ್ಕಿರಲಿಲ್ಲ. ಬಾಗಿಲ ಪಕ್ಕ, ಅತ್ತೆ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಮಣ್ಣಿನ ಗುಡಾಣ ಕಣ್ಣಿಗೆ ಬಿತ್ತು.

"ಅತ್ತೆ, ಹೇಗೂ ನಲ್ಲಿ ಬಂತಲ್ಲ, ಇದನ್ನ ತಗೊಳ್ಲಾ?"

"ಮೊಂಗೊ," ಎಂದರು. ಆಗಲಿ, ತಗೋ ಎಂದು. ಆದರೆ ನೆಲ ನೋಡುತ್ತಾ ನಕ್ಕು ಹೇಳಿದ ಮೊಂಗೊ ಎಂದರೆ ಬೇಡ ಎಂದೇ ಅರ್ಥ. ಜಾವಾದಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲವೇ? ಹೊಳೆಯುವುದು ಬೇಕಿರಲಿಲ್ಲವೇನೋ. ತಳಕ್ಕೆ ತೂತು ಕೊರೆದೆ, ಹಂಚಿನ ಚೂರು ತುಂಬಿದೆ, ಕಂಕುಂಗ್ ಸೊಪ್ಪು ನೆಟ್ಟೆ.

ಸಂಜೆ ಅತ್ತೆ ಅಭ್ಯಾಸದಂತೆ ಅಲ್ಲಿಗೇ ಬಂದರು. ಉಡುಪಿನ ತೋಳು ಮೇಲಕ್ಕೆ ಮಡಚಿ, ಬಗ್ಗಿ, ಗುಡಾಣದ ಬಿರಡೆಗೆಂದು ಕೈ ಚಾಚಿದರು. ಬಿರಡೆ ಇದ್ದಲ್ಲಿ ನನ್ನ ಪೈಪು ಇತ್ತು. ಕೈ ಹಿಂದೆಗೆದು ಒಳಗೆ ಹೋದರು.

ಗಂಡ ವಾಸ್ಕಿತೊ ನೋಡಿ ಸಿಡಿದ. "ಅಪ್ಪ ಮದ್ವೆಯಾದ ವರ್ಷ ಹೆಗಲ ಮೇಲೆ ಹೊತ್ತು ತಂದಿದ್ದು ಕಣೇ ಅದು! ಕೇಳಿದ್ಯಾ ಅಮ್ಮನ್ನ?"

"ಕೇಳ್ದೆ. ಮೊಂಗೊ ಅಂದ್ರು."

"ಎಷ್ಟು ಸಲ ಕೇಳ್ದೆ?"

"ಒಂದ್ಸಲ."

"ಒಂದ್ಸಲ ಕೇಳಿದ್ರೆ ಕೇಳ್ದಂಗಾ?"

ಊಟ ಸೇರಲಿಲ್ಲ. ಈಗಷ್ಟೇ ಅತ್ತೆಯ ಕೋಣೆಗೆ ಹೋಗಿ ಬಂದೆ.

"ಅತ್ತೆ, ತಪ್ಪಾಯ್ತು. ಹೊಸ ಗುಡಾಣ ತಂದ್ಕೊಡ್ಲಾ?"

ಅವರು ನಕ್ಕರು. ನೆಲ ನೋಡುತ್ತಾ, "ಮೊಂಗೊ," ಎಂದರು.