ತಪ್ಪು ಕಾಜಾಕ್ಕೆ ಹೋದ ಗುಂಡಿ

ಅಪ್ಪಾ,

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ತಮ್ಮ ಯುವರಾಜ ಈವತ್ತು ಅಂಗಿಯ ಗುಂಡಿ ತಾನೇ ಹಾಕಿಕೊಂಡ. ಲಕ್ವದಲ್ಲಿ ನಿನಗಾದಂತೆ ಅವನ ಬಲಗೈಯೂ ಸೋತಿತ್ತು. ಸಂಶೋಧನೆಗೆಂದು ರಾಯದುರ್ಗಕ್ಕೆ ಬರುವ ಡಾಕ್ಟರಮ್ಮ ಅವನ ಎಡಗೈಗೆ ಚೀಲ ತೊಡಿಸಿ, ಎಲ್ಲ ಕೆಲಸವನ್ನೂ ಸೋತ ಕೈಯಿಂದಲೇ ಮಾಡಿಸುತ್ತಾರೆ. ಆ ಚೀಲವನ್ನು ಜೀನ್ಸ್ ತುಂಡಿನಿಂದ ನಿನ್ನ ಮಿಷನ್ನಿನಲ್ಲೇ ಹೊಲಿದೆ.

"ನೀವು ಮುಟ್ಟಬ್ಯಾಡ್ರಿ, ಸುಮ್ನ ಕುಂದ್ರಿ" ಎಂದು ನನಗೂ ತಾಕೀತು ಮಾಡಿದ್ದಾರೆ.

ಐದು ಗುಂಡಿಗೆ ಅರ್ಧ ಗಂಟೆ ಹಿಡಿಯಿತು. ಒಂದು ತಪ್ಪು ಕಾಜಾಕ್ಕೆ ಹೋದಾಗ ನನ್ನ ಕೈ ತಾನಾಗಿ ಮುಂದಾಯಿತು. "ಬಿಡಕ್ಕ, ನಾ ಹಾಕ್ಕಂತೀನಿ" ಎಂದು ದೂಡಿದ. ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರಾಯಿತು.

ತೀರಿಹೋಗುವವರೆಗೆ ನೀನೂ ದಿನಾ ಬೆಳಗ್ಗೆ ಹೀಗೇ ನನ್ನ ಕೈ ದೂಡುತ್ತಿದ್ದೆ. ನಿನಗೆ ಮಾತು ಬಿದ್ದುಹೋಗಿತ್ತು. ಸಿಟ್ಟೆಂದುಕೊಂಡು ನಾನು ಬೇಗ ಬೇಗ ಗುಂಡಿ ಹಾಕಿಬಿಡುತ್ತಿದ್ದೆ.