ಏನು ಮುಗೀತು?

ಜೂನ್ 3, ಮಧ್ಯಾಹ್ನ
ಪ್ರೆಸ್ಸಿನಲ್ಲಿ ಪುಸ್ತಕದ ಹನ್ನೆರಡನೆಯ ಫಾರ್ಮಿನ, ಅಂದರೆ ಇನ್ನೂ ಹದಿನಾರು ಪುಟದ, ಪ್ರೂಫ್ ತಿದ್ದಿ ಮುಗಿಸಿದೆ. ತಪ್ಪುಗಳು ಹದಿನೇಳು. ದಿನ ಬಿಟ್ಟು ದಿನ ಬರುವ ಚಳಿಜ್ವರಕ್ಕೆ ಇವತ್ತು ರಜೆ, ಅದಕ್ಕೇ ಪೆನ್ನು ನಡುಗಲಿಲ್ಲ. ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಮಲೇರಿಯಾ.

ಆರೋಗ್ಯ ಕೇಂದ್ರದ ಸಿಸ್ಟರ್ ದನಿ ದೊಡ್ಡದು, ಮಾತು ಚಿಕ್ಕದು. ಬಿಳಿ ಮಾತ್ರೆ ಮೂರು ದಿನ. ಕಂದು ಮಾತ್ರೆ ದಿನಕ್ಕೊಂದು, ಊಟದ ಮೇಲೆ. ಈ ಕಂದು ಮಾತ್ರೆ ಕೆಲವರ ರಕ್ತಕ್ಕೆ ಒಗ್ಗುವುದಿಲ್ಲವಂತೆ. ಅದಕ್ಕೆಂದೇ ಇನ್ನೊಂದು ಪರೀಕ್ಷೆ ಮಾಡಿಸಿ, ಸರಿಯಿದೆ ಎಂದು ನೋಡಿಕೊಂಡ ಮೇಲೆ ಕೊಟ್ಟರು.

"ಮೂತ್ರ ಕಡು ಬಣ್ಣಕ್ಕೆ ತಿರುಗಿದ್ರೆ ನಿಲ್ಸಿ, ತಕ್ಷಣ ಬನ್ನಿ. ಇಲ್ಲಾಂದ್ರೆ ಮುಗಿಯೋವರೆಗೂ ತಗೊಳ್ಳಿ."

ಜೊತೆಗೆ ಒಂದು ಸೂಚನೆಯ ಹಾಳೆ. ದೇವರೇ, ಯಾರು ಅಚ್ಚು ಹಾಕಿದರೋ. ಹತ್ತು ಸಾಲಿಗೆ ನಾಲ್ಕು ತಪ್ಪು. 'ಗರ್ಬಿಣಿ' ಅಂತೆ. ಕೆಂಪು ಪೆನ್ನಿನಲ್ಲಿ ಬ ಹೊಡೆದು ಭ ಹಾಕಿದೆ. ಜೀವಕ್ಕೆ ಸಮಾಧಾನ.

ಜೂನ್ 8
ಜ್ವರ ಮುಗಿಯಿತು. ಅದರ ಎರಡು ಸರದಿ ತಪ್ಪಿದವು, ಇನ್ನು ಬರುವ ಹಾಗಿಲ್ಲ. ನಿನ್ನೆಗೇ ಮಾತ್ರೆ ನಿಲ್ಲಿಸಿದೆ. ಹದಿನಾಲ್ಕರಲ್ಲಿ ಒಂಬತ್ತು ಉಳಿದವು. ಅಚ್ಚಿನಲ್ಲಿ ಹಾಳಾಗುತ್ತದೆ ಎಂದು ಮೊದಲೇ ನಾಲ್ಕು ಹಾಳೆ ಹೆಚ್ಚಿಗೆ ಕೊಡುತ್ತೇವಲ್ಲ, ಇವೂ ಹಾಗೇ ಇರಬೇಕು.

ಇವಳು, ನನ್ನ ಹೆಂಡತಿ, ಕೇಳಿದಳು, "ಇನ್ನೂ ಇದ್ಯಲ್ರೀ?"
"ಜ್ವರ ಮುಗೀತಲ್ಲೇ."
"ನೀವುಂಟು, ನಿಮ್ಮ ಸಿಸ್ಟರ್ ಉಂಟು."

ಉಳಿದದ್ದನ್ನು ಆ ಹಾಳೆಯಲ್ಲೇ ಸುತ್ತಿ ಹಳೆಯ ಕನ್ನಡಕದ ಡಬ್ಬಿಗೆ ಹಾಕಿಟ್ಟೆ. ಯಾರಿಗಾದರೂ ಬೇಕಾದೀತು.

ಜುಲೈ 12
ಮಗಳು ಬಂದಳು. ಬಸುರಿ, ಈಗ ಏಳು ತಿಂಗಳು. ಅಳಿಯ ಕೆಲಸದ ಮೇಲೆ ದೂರ ಹೋಗಿದ್ದಾನೆ, ಒಂದು ತಿಂಗಳು ಇಲ್ಲೇ ಇರುತ್ತಾಳೆ. ಇವಳು ಸೊಳ್ಳೆಪರದೆಯ ತೂತುಗಳನ್ನೆಲ್ಲ ಹೊಲಿದು ಕಟ್ಟಿದಳು. ನಾನು ಹಿತ್ತಲಿನ ಡ್ರಮ್ಮು, ಕುಂಡದ ತಟ್ಟೆಗಳ ನೀರು ಚೆಲ್ಲಿದೆ. ಮನೆ ತುಂಬಿದ ಹಾಗಿದೆ. ಪ್ರೆಸ್ಸಿನಿಂದ ಬೇಗ ಬರಬೇಕು ಅನ್ನಿಸುತ್ತದೆ.

ಜುಲೈ 21, ಬೆಳಿಗ್ಗೆ ಒಂಬತ್ತು
ಆಟೋಗೆ ಕಾಯುತ್ತಾ ಬರೆಯುತ್ತಿದ್ದೇನೆ.

ಎದ್ದಾಗ ಮಗಳ ಮೈ ಬಿಸಿ. ತಲೆನೋವು ಅಂದಳು. ನನಗೆ ತಕ್ಷಣ ಡಬ್ಬಿ ನೆನಪಾಯಿತು. ದೊಡ್ಡ ವೈದ್ಯನ ಹಾಗೆ ತಂದೆ. "ನನಗೆ ಐದೇ ದಿನಕ್ಕೆ ಬಿಡ್ತು, ತಗೊಳ್ಳಮ್ಮ." ನಾನೇ ಬಿಡಿಸಿ ಅವಳ ಅಂಗೈಯಲ್ಲಿಟ್ಟೆ. ನೀರಿನ ಲೋಟ ತರಲು ತಿರುಗಿದೆ. ಅವಳು ಹಾಳೆ ಬಿಡಿಸಿ ನೋಡುತ್ತಿದ್ದಳು.

"ಇದಕ್ಕೂ ಕೆಂಪು ಹೊಡ್ದಿದೀಯಾ ಅಪ್ಪ?" ಎಂದು ನಕ್ಕಳು. ನಗು ಅಲ್ಲೇ ನಿಂತಿತು. "ಈ ಸಾಲು ಓದು."
"ಯಾವುದು?"
"ನೀನೇ ತಿದ್ದಿರೋದು. ಜೋರಾಗಿ ಓದು."

ಓದಿದೆ. ಗರ್ಭಿಣಿಯರು ಈ ಮಾತ್ರೆಯನ್ನು ಸೇವಿಸಬಾರದು.

ಮೂವತ್ತೊಂದು ವರ್ಷ ಇದೇ ಕೆಲಸ. ಬ ಕಂಡಿತು, ಭ ಕಂಡಿತು, ಸಾಲು ಹೇಳಿದ್ದು ಕಾಣಲಿಲ್ಲ. ಅವಳ ಅಂಗೈಯಿಂದ ಮಾತ್ರೆ ವಾಪಸ್ಸು ತೆಗೆದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಜೇಬಿಗಿಳಿಸಿದೆ. ಇಷ್ಟು ಹೆದರಿದ್ದು ನೆನಪಿಲ್ಲ. ಇವಳು ಮಗಳ ಆಸ್ಪತ್ರೆ ಕಾಗದಗಳನ್ನು ಚೀಲಕ್ಕೆ ತುಂಬಿದಳು. ಆಟೋ ಬಂತು. ಮೂವರೂ ಹೊರಟಿದ್ದೇವೆ.

ಅದೇ ದಿನ, ಮಧ್ಯಾಹ್ನ ಮೂರು
ಮಗಳಿಗೆ ಮಲೇರಿಯಾ ಇಲ್ಲ. ನೆಗಡಿ ಜ್ವರ. ಮಗುವಿನ ಎದೆಬಡಿತ ಚೆನ್ನಾಗಿದೆ. ಅವಳಿಗೆ ಆಗಿಬರುವ ಮಾತ್ರೆಯನ್ನು ಡಾಕ್ಟರೇ ಬರೆದುಕೊಟ್ಟರು. ಎರಡು ದಿನದಲ್ಲಿ ಇಳಿಯದಿದ್ದರೆ ಮತ್ತೆ ರಕ್ತ ನೋಡುತ್ತಾರಂತೆ. ಕೂತಲ್ಲೇ ಕಣ್ಣು ತುಂಬಿತು. ಅಷ್ಟರಲ್ಲಿ ಸಿಸ್ಟರ್ ನನ್ನ ಕಡೆ ತಿರುಗಿದರು.

"ನೀವು ಮುಗಿಸಿದ್ರಾ?"
"ಮುಗೀತು."
"ಏನು ಮುಗೀತು?"
"ಜ್ವರ."
"ಜ್ವರ ಅಲ್ಲ ಸ್ವಾಮಿ, ಮಾತ್ರೆ. ಮಾತ್ರೆ ಮುಗಿಯೋವರೆಗೂ ಅಂದಿದ್ದು."
"ನೀವು ಹಾಗನ್ನಲಿಲ್ಲ. ಕರ್ತೃಪದ ಬಿಟ್ಟುಬಿಟ್ರಿ."
"ಯಾರನ್ನ ಬಿಟ್ಟೆ?"

ಇವಳಿಗೆ ಆಗ ನಗು ಬಂತು. ನನಗೆ ಸ್ವಲ್ಪ ತಡವಾಗಿ ಬಂತು.

ಎರಡು ಸಂಜೆಯಿಂದ ಚಳಿಯಾಗುತ್ತಿತ್ತು, ಫ್ಯಾನಿನ ಮೇಲೆ ತಪ್ಪು ಹೊರಿಸಿದ್ದೆ. ನನ್ನ ರಕ್ತವನ್ನೂ ನೋಡಿದರು. ಮತ್ತೆ ಮಲೇರಿಯಾ. ಬಿಳಿ ಮಾತ್ರೆ ರಕ್ತದಲ್ಲಿರುವ ರೋಗಾಣುವನ್ನು ಓಡಿಸುತ್ತದೆ, ಯಕೃತ್ತಿನಲ್ಲಿ ಬಚ್ಚಿಟ್ಟುಕೊಂಡದ್ದಕ್ಕೆ ಕಂದು ಮಾತ್ರೆ ಹದಿನಾಲ್ಕೂ ಬೇಕು ಎಂದರು ಡಾಕ್ಟರು. ಮೊದಲಿನಿಂದ ಶುರು. ಡಬ್ಬಿಯಲ್ಲಿದ್ದ ಒಂಬತ್ತನ್ನೂ ಸಿಸ್ಟರ್ ವಾಪಸ್ಸು ಇಸಿದುಕೊಂಡರು. "ನಿಮ್ಮ ಮಾತ್ರೆ ನಿಮ್ಮೊಬ್ರಿಗೇ. ದಾನ ಮಾಡೋ ಆಸೆ ಇದ್ರೆ ಪುಸ್ತಕ ಕೊಡಿ."

ಜುಲೈ 24
ಮಗಳಿಗೆ ಜ್ವರ ಪೂರ್ತಿ ಇಳಿದಿದೆ. ದಿನಾಲೂ ನನ್ನ ಮಾತ್ರೆಗೆ ಅವಳದೇ ಪಹರೆ. ಊಟ ಮಾಡಿದ್ದು ನೋಡಿ ಕೊಡುತ್ತಾಳೆ, ನುಂಗಿದ್ದು ನೋಡಿ ಹೋಗುತ್ತಾಳೆ. "ಬಾಯಿ ತೆಗಿ" ಅನ್ನುವುದೊಂದು ಬಾಕಿ.

ಜುಲೈ 30
ಪ್ರೆಸ್ಸಿಗೆ ಸಿಸ್ಟರ್ ಬಂದಿದ್ದರು! ಸೂಚನೆಯ ಹಾಳೆ ಹೊಸದಾಗಿ ಅಚ್ಚಾಗಬೇಕಂತೆ. "ನೀವೇ ತಿದ್ದಿಕೊಡಿ, ಆ ಬಿಟ್ಟೋದವರನ್ನೂ ಸೇರಿಸಿ." ಕಾಗುಣಿತ ಆಮೇಲೆ, ಮೊದಲು ಅರ್ಥಕ್ಕಾಗಿ ಓದಿದೆ. ಎರಡು ಸಲ. 'ಮುಗಿಯುವವರೆಗೂ ಸೇವಿಸಿ' ಹೊಡೆದುಹಾಕಿ 'ಜ್ವರ ಬಿಟ್ಟರೂ ಹದಿನಾಲ್ಕೂ ದಿನದ ಮಾತ್ರೆಗಳನ್ನು ಪೂರ್ತಿ ಸೇವಿಸಿ' ಎಂದು ಬರೆದೆ. ಗರ್ಭಿಣಿಯರ ಸಾಲನ್ನು ಎಲ್ಲಕ್ಕಿಂತ ಮೇಲೆ ತಂದು ದಪ್ಪಕ್ಷರ ಮಾಡಿಸಿದೆ. ಪ್ರೂಫ್ ಮನೆಗೂ ತಂದೆ. ಮಗಳು ನೋಡಿ ಸಹಿ ಹಾಕಿದ ಮೇಲೆ ಅಚ್ಚಿಗೆ ಕೊಟ್ಟೆ.

ಆಗಸ್ಟ್ 3, ಸಂಜೆ
ಮಾತ್ರೆಗಳು ಮುಗಿದವು. ಕರ್ತೃಪದ ಸಹಿತ ಬರೆದಿದ್ದೇನೆ. ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಇವಳ ಕೈಗೆ ಕೊಟ್ಟೆ, ಪ್ರೈಜು ಬಂದ ಹಾಗೆ ಗೋಡೆಗೆ ಅಂಟಿಸ್ತೀನಿ ಅಂದಳು. ಚಳಿಯಿಲ್ಲ, ಸುಸ್ತಿಲ್ಲ, ಹಸಿವು ಜೋರು. ಸುಖವಾಗಿದ್ದೇನೆ.

ಈಗ ತಾನೇ ಮಗಳು ಬಂದು ಪಕ್ಕದಲ್ಲಿ ಕೂತು, ಪೆನ್ನು ಹಿಡಿದ ಕೈಯನ್ನೇ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒದೆಯಿತು. ಜೋರಾಗಿಯೇ. ಯಾರು ಒದ್ದದ್ದು ಎಂದು ಬರೆಯೋಣವೆಂದರೆ ಹೆಸರಿನ್ನೂ ಇಲ್ಲ, ಕರ್ತೃಪದದ ಜಾಗ ಖಾಲಿ ಬಿಟ್ಟಿದ್ದೇನೆ, ಅಕ್ಟೋಬರಿನಲ್ಲಿ ತುಂಬುತ್ತೇನೆ — ತಾಳು, ಮತ್ತೆ ಒದೆಯಿತು.