ತಿರುಗಿ ಬರುವಾಗ ಸಮುದ್ರ ಎಡಕ್ಕಿತ್ತು

ರಾಯಾಪುರ, ಧಾರವಾಡ
9 ನವೆಂಬರ್ 2025, ಭಾನುವಾರ

ಪ್ರೀತಿಯ ತಮ್ಮ ರಾಜರತ್ನನಿಗೆ ಅಕ್ಕ ಕರುಣಾಳ ಜೈ ಭೀಮ್.

ಹೇಗಿದ್ದೀ? ಮೊಣಕಾಲಿನ ನೋವು ಇಳಿಯಿತೆ? ಕುಮಟೆಯ ಊಟಕ್ಕೆ ನಾಲಿಗೆ ಒಗ್ಗಿತೋ, ಇನ್ನೂ ರೊಟ್ಟಿ ರೊಟ್ಟಿ ಎಂದು ಜೊತೆಗಿರುವ ಗೆಳೆಯ ಕಮರುದ್ದೀನರ ತಲೆ ತಿನ್ನುತ್ತಿದ್ದೀಯೋ? ಅವ್ವ ಆರಾಮಾಗಿದ್ದಾಳೆ. ನಾನು ಬರೆಯಲು ಕೂತದ್ದು ಕಂಡು ಹೊರಗಿನ ಕಟ್ಟೆಯಿಂದಲೇ ಕೂಗಿದಳು: "ಬೆವರಿದ ಬನೀನ ಮ್ಯಾಲ ಕುಂಡ್ರಬ್ಯಾಡ ಅಂತ ಬರಿ ಅವಂಗ. ಉಪ್ಪಿನ ಗಾಳಿ, ಎದಿ ಹಿಡೀತೈತಿ." ಅವಳು ಸಮುದ್ರ ನೋಡಿದವಳಲ್ಲ. ಉಣಕಲ್ ಕೆರೆಗೆ ಆಚೆ ದಂಡೆ ಇಲ್ಲದಿದ್ದರೆ ಹೇಗೋ ಹಾಗೆ ಎಂದು ನಾನು ಹೇಳಿದ್ದೆ. "ದಂಡಿ ಇಲ್ಲದ್ದು ಎಂಥಾ ಕೆರಿ ಬೇ" ಎಂದು ಅಂದಿನಿಂದ ನನ್ನ ಮಾತನ್ನು ನಂಬುವುದನ್ನೇ ಬಿಟ್ಟಿದ್ದಾಳೆ.

ದಿನವೂ ಫೋನಿನಲ್ಲಿ ಮಾತಾಡುವವಳು ಪತ್ರವೇಕೆ ಬರೆದಳು ಎಂದು ನಗುತ್ತಿರಬೇಕು ನೀನು. ಫೋನಿನಲ್ಲಿ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೀನು "ಫಾರ್ಮ್ ಕಳಿಸಿದ್ಯೇನಕ್ಕಾ?" ಎಂದು ನಡುವೆ ಬಂದೆ, ನಾನು ಹೇಳಬೇಕಾದ್ದು ಬಿಟ್ಟು ಫಾರ್ಮಿನ ಮಾತಾಡಿದೆ. ಟೈಪು ಮಾಡಿದರೆ ನಿನ್ನ ಫೋನಿನೊಳಗಿನ ಯಂತ್ರದನಿಯ ಹೆಂಗಸು ನಿನಗೆ ಓದಿ ಹೇಳುತ್ತಾಳೆ. ಮದುವೆಯ ಸುದ್ದಿಯನ್ನೂ ಸಾವಿನ ಸುದ್ದಿಯನ್ನೂ ಒಂದೇ ದನಿಯಲ್ಲಿ ಓದುವವಳು ಆಕೆ. ಕೈಬರಹವಾದರೆ ಕಮರುದ್ದೀನರೇ ಓದಿ ಹೇಳಬೇಕು. ಇದನ್ನು ಅವರೂ ತಿಳಿಯಬೇಕಾಗಿದೆ. ಕಮರುದ್ದೀನರೇ, ನಿಮಗೂ ನಮಸ್ಕಾರ. ನಿಮ್ಮ ಹೆಸರು ಬಂದಲ್ಲಿ ಸಂಕೋಚಪಟ್ಟು ಸಾಲು ಹಾರಿಸಬೇಡಿ.

ಫಾರ್ಮ್ ಇನ್ನೂ ನನ್ನ ಮೇಜಿನ ಮೇಲೇ ಇದೆ. ನಿನ್ನ ಪ್ರಮಾಣಪತ್ರಗಳೆಲ್ಲ ಇಲ್ಲಿನ ಕಪಾಟಿನಲ್ಲಿವೆ ಎಂದು ನನ್ನ ಕೈಗೆ ಕೊಟ್ಟೆ. ಹೆಸರು, ವಯಸ್ಸು, ದೃಷ್ಟಿ ಇಲ್ಲ ಎಂಬುದು, ಎಲ್ಲ ತುಂಬಿದ್ದೇನೆ. ನಿಂತಿರುವುದು ಒಂದೇ ಕಡೆ: ಡಿಸೆಂಬರಿನ ಆ ಕಡಲಂಚಿನ ಓಟದಲ್ಲಿ ನಿನ್ನ ಜೊತೆ ಓಡುವವರು ಯಾರು? ಒಂದೇ ಹೆಸರಿಗೆ ಜಾಗವಿದೆ. ನಾನು ಹೊರಡುವಾಗ ಬಸ್ ನಿಲ್ದಾಣದಲ್ಲಿ ನೀನು ಅಂದದ್ದು ಹೀಗೆ: "ನಿನ್ನ ಹೆಸರ ಬರಿ ಅಕ್ಕಾ. ಕಮರುದ್ದೀನ ಜ್ವಾಕಿ ಮಾಡ್ತಾನ, ಖರೇ. ಆದ್ರ ಅಂವಾ ಬರೇ ಕಲ್ಲು, ತಗ್ಗು, ಮೆಟ್ಲಾ ಅಂತಾನ. ನೀ ಸಮುದ್ರ ಹೇಳ್ತಿ." ಬಸ್ಸಿನಲ್ಲಿ ಅಂಕೋಲೆ ದಾಟುವವರೆಗೂ ಆ ಮಾತಿಗೆ ಹಿಗ್ಗುತ್ತ ಕೂತಿದ್ದೆ. ಘಟ್ಟ ಹತ್ತತೊಡಗಿದ ಮೇಲೆ ಗುಡ್ಡದ ದಾರಿಯ ನೆನಪು ಹಿಡಿದುಕೊಂಡಿತು. ಇನ್ನೂ ಬಿಟ್ಟಿಲ್ಲ.

ನಿನ್ನ ಕಣ್ಣು ಪೂರ್ತಿ ಹೋಗಿ ಎಂಟು ವರ್ಷ. ಅದರಲ್ಲಿ ಏಳು ವರ್ಷ, ನಿನಗೆ ಕುಮಟೆಯ ಬ್ಯಾಂಕಿಗೆ ವರ್ಗವಾಗುವವರೆಗೆ, ನನ್ನ ಎಡ ಮಣಿಕಟ್ಟಿಗೂ ನಿನ್ನ ಬಲ ಮಣಿಕಟ್ಟಿಗೂ ಗರಗದ ಖಾದಿಯ ಪಟ್ಟಿ ಕಟ್ಟಿಕೊಂಡು ನಾವು ರಾಯಾಪುರದ ರಸ್ತೆಯಲ್ಲಿ ಓಡಿದೆವು. ನಲವತ್ತರವರೆಗೆ ಬಸ್ಸಿಗೂ ಓಡದಿದ್ದವಳು ನಾನು. ನಾನು ಯಾವಾಗಲೂ ನಿನ್ನ ಬಲಕ್ಕೆ, ಗಾಡಿಗಳು ಬರುವ ಕಡೆಗೆ. ಹೋಗುವಾಗಲೂ ಬಲಕ್ಕೆ, ರಸ್ತೆ ದಾಟಿ ತಿರುಗಿ ಬರುವಾಗಲೂ ಬಲಕ್ಕೆ. ಅದನ್ನು ಯೋಚಿಸಿ ಮಾಡಬೇಕಾಗಿರಲಿಲ್ಲ. ನನ್ನ ಯೋಚನೆಯೆಲ್ಲ ಬಾಯಿಯಲ್ಲಿರುತ್ತಿತ್ತು: ಬೇವು ಚಿಗುರಿದ್ದು, ಹಾಲಿನವನ ಸೈಕಲ್ಲಿಗೆ ಹೊಸ ಗಂಟೆ ಬಂದದ್ದು, ಮಂಜಿನೊಳಗಿಂದ ಬಸ್ಸೊಂದು ಮುಖ ತೊಳೆಯದೆ ಎದ್ದು ಬಂದಂತೆ ಬಂದದ್ದು. ನೀನು ನಗುತ್ತಿದ್ದೆ, ಓಡುತ್ತಿದ್ದೆ.

ದೀಪಾವಳಿ ರಜೆಯಲ್ಲಿ ನಾನು ಬಂದಾಗ ಮೂವರೂ ಗೋಕರ್ಣದ ಕಡೆಯ ಗುಡ್ಡಕ್ಕೆ ಹೋದೆವಲ್ಲ, ಆ ದಿನದ ಮಾತು ಇದು. ಮೊದಲ ಅರ್ಧ ದಾರಿ ಕಮರುದ್ದೀನರು ಮುಂದೆ ಓಡಿದರು. ನಾನು ಒಂದು ಬಂಡೆಯನ್ನು ಕುಳಿತ ಎಮ್ಮೆಗೆ ಹೋಲಿಸುವಷ್ಟರಲ್ಲಿ ನೀನು ಅದನ್ನು ಎಡವಿದೆ. ಅವರು ಹಿಂದೆ ನೋಡಿ, "ಮೇಡಂ, ನೀವು ಧಾರವಾಡದವ್ರು, ಕಲ್ಲು ಬಂತು ಅನ್ನಾಕ ಪೀಠಿಕಿ ಹಾಕ್ತೀರಿ. ನಮ್ಮ ಹುಬ್ಬಳ್ಳ್ಯಾಗ ಅಷ್ಟ್ರಾಗ ಕಲ್ಲು ದಾಟಿ ಚಾ ಕುಡದಿರ್ತೀವಿ" ಎಂದರು. ಎಲ್ಲರೂ ನಕ್ಕೆವು. ನಾವು ದಕ್ಷಿಣಕ್ಕೆ ಓಡುತ್ತಿದ್ದೆವು, ಸಮುದ್ರ ಬಲಕ್ಕೆ, ನಿನಗೂ ಅದಕ್ಕೂ ನಡುವೆ ನಾನು. ಗುಡ್ಡದ ಕೊನೆ ಮುಟ್ಟಿ ತಿರುಗಿದಾಗ ಕಮರುದ್ದೀನರು ಚಹಾ ಹೇಳಿರುತ್ತೇನೆಂದು ಬೇಗ ಬೇಗ ಹೋಗಿಬಿಟ್ಟರು. ನಾವಿಬ್ಬರೇ ನಿಧಾನಕ್ಕೆ ಓಡುತ್ತ ಬಂದೆವು. ನಾನು ಎಂದಿನಂತೆ ನಿನ್ನ ಬಲಕ್ಕಿದ್ದೆ.

ರಸ್ತೆಯಾದರೆ ನಾವು ತಿರುಗಿದಾಗ ಗಾಡಿಗಳೂ ತಿರುಗಿ ನಮ್ಮ ಬಲಕ್ಕೇ ಬರುತ್ತವೆ. ಸಮುದ್ರ ತಾನಿದ್ದಲ್ಲೇ ಇತ್ತು. ಈಗ ಅದು ಎಡಕ್ಕೆ, ನಿನ್ನ ಕಡೆಗೆ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ ರಾಜಾ. ಅಲೆ ಬಂಡೆಗೆ ಬಡಿದು ಬಿಳಿಯಾಗಿ ಹಿಂದೆ ಸರಿಯುವುದನ್ನು, ಒಂದು ಹದ್ದು ನಮಗಿಂತ ಕೆಳಗೆ ಹಾರುತ್ತಿರುವುದನ್ನು ಹೇಳುತ್ತಲೇ ಇದ್ದೆ. ಹದ್ದು ನಮಗಿಂತ ಕೆಳಗಿದೆ ಎಂದು ನನ್ನ ಬಾಯೇ ಹೇಳಿತು, ತಲೆಗೆ ಹೋಗಲಿಲ್ಲ. ತಿರುವಿನಲ್ಲಿ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದಾಗ ಹಿಂದಿನ ದಾರಿ ಕಂಡಿತು. ಮಳೆ ಬಿದ್ದ ಕೆಂಪು ಮಣ್ಣಿನಲ್ಲಿ ಎರಡು ಸಾಲು ಹೆಜ್ಜೆ. ಒಳಗಿನ ಸಾಲು ನನ್ನದು. ಹೊರಗಿನ ಸಾಲು, ಕೆಲವು ಕಡೆ ಕಡಿದಾದ ಅಂಚಿನಿಂದ ಗೇಣು ದೂರವೂ ಇಲ್ಲದ್ದು, ನಿನ್ನದು. ಅರ್ಧ ಕಿಲೋಮೀಟರಾದರೂ ಇದ್ದೀತು. ನಾನು ಎದ್ದು, ಪಟ್ಟಿ ಬಿಚ್ಚಿ, ಈ ಕೈ ನೋಯುತ್ತಿದೆ ಎಂದು ಸುಳ್ಳು ಹೇಳಿ ನಿನ್ನ ಎಡಕ್ಕೆ ಬಂದೆ. ನೀನು "ಹೂಂ" ಅಂದೆ, ಅಷ್ಟೇ.

ನಿನಗೆ ಗೊತ್ತಿರಲಿಲ್ಲ ಎಂದುಕೊಂಡು ಉಸಿರು ಬಿಟ್ಟಿದ್ದೆ. ಚಹಾದಂಗಡಿಯಲ್ಲಿ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತ ನೀನು ಅಂದೆ: "ಬರೂ ಮುಂದ ಸಮುದ್ರ ಭಾಳ ಸನೇಕ ಕೇಳಸ್ತು ನೋಡಕ್ಕಾ. ಎಡಗಿವಿಯೊಳಗ ಬಂದು ಕುಂತಂಗ ಇತ್ತು."

ಅಂದರೆ ಗೊತ್ತಿತ್ತು. ಕಣ್ಣಿದ್ದ ನನಗೆ ತಿಳಿಯದ್ದು ನಿನ್ನ ಕಿವಿಗೆ ಮೊದಲ ಹೆಜ್ಜೆಯಲ್ಲೇ ತಿಳಿದಿರಬೇಕು. ಮತ್ತೆ ಯಾಕೆ ಸುಮ್ಮನಿದ್ದೆ? ಹದಿನೆಂಟು ದಿನದಿಂದ ಇದೊಂದೇ ತಲೆಯಲ್ಲಿ. ಅಕ್ಕ ಇದ್ದಾಳೆ, ಬೀಳಲು ಬಿಡುವುದಿಲ್ಲ ಎಂಬ ಭರವಸೆಯೇ? ಹೇಳಿದರೆ ನಾನು ಗಾಬರಿಯಾಗಿ ನಿನ್ನನ್ನು ಎಳೆದು ಇನ್ನೂ ಅನಾಹುತ ಮಾಡುತ್ತೇನೆಂಬ ಲೆಕ್ಕವೇ? ಅಥವಾ ನನ್ನ ಮಾತು ಕಡಿಯಬಾರದೆಂದು, ನಾನು ಅಷ್ಟು ಖುಷಿಯಲ್ಲಿದ್ದೇನೆಂದು ಕನಿಕರಪಟ್ಟು, ಜೀವ ಅಂಚಿಗಿಟ್ಟು ಓಡಿದೆಯಾ? ಮೊದಲನೆಯದಾದರೆ ನಾನು ಆ ಭರವಸೆಗೆ ತಕ್ಕವಳಲ್ಲ. ಕೊನೆಯದಾದರೆ, ಇಷ್ಟು ವರ್ಷ ಯಾರು ಯಾರನ್ನು ನಡೆಸುತ್ತಿದ್ದರು? ಒಮ್ಮೊಮ್ಮೆ ಇನ್ನೊಂದು ಅನಿಸುತ್ತದೆ. ಎಲ್ಲರೂ ಸದಾ ನಿನ್ನನ್ನು ಒಳಬದಿಗೆ ಇಡುತ್ತೇವೆ, ಒಂದು ಸಲವಾದರೂ ಹೊರಬದಿ ನಿನಗೇ ಬೇಕಿತ್ತೇನೋ. ಇದು ನಿಜವಿರಲಿ ಎಂದು ಬಯಸುತ್ತೇನೆ. ನನಗೆ ಅನುಕೂಲವಾದ ಉತ್ತರವಾದ್ದರಿಂದ ಅದನ್ನು ನಂಬಲೂ ಹೆದರುತ್ತೇನೆ. ಮೊನ್ನೆ ನಮ್ಮ ಕಾಲೇಜಿನ ಗೀತಾಂಜಲಿಯ ಕೈಗೆ ಪಟ್ಟಿ ಕಟ್ಟಿ, ಕಣ್ಣು ಮುಚ್ಚಿ, ಸಮತಟ್ಟಾದ ಮೈದಾನದಲ್ಲಿ ಓಡಿ ನೋಡಿದೆ. ಹದಿನಾಲ್ಕನೆಯ ಹೆಜ್ಜೆಗೆ ಕಣ್ಣು ತಾನಾಗಿ ತೆರೆಯಿತು. "ಯಾಕ್ರಿ, ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?" ಎಂದು ಅವಳು ಮುಖ ಸಣ್ಣ ಮಾಡಿದಳು. ನಂಬಿಕೆ ಇತ್ತು. ಆದರೂ ತೆರೆಯಿತು. ಎರಡೂ ಹೇಗೆ ನಿಜವೋ ತಿಳಿಯದು.

ನಾನು ಮಾತಾಡದೆ ಓಡಬಲ್ಲೆನೆ? ಕಲ್ಲು, ತಗ್ಗು, ಬಲಕ್ಕೆ, ಎಂದಷ್ಟೇ? ಹಾಗಾದರೆ ನೀನು ಬೇಕೆಂದ ಅಕ್ಕ ನಾನಲ್ಲ. ಮಾತಾಡುತ್ತ ಓಡಿದರೆ ಎಲ್ಲಿದ್ದೇನೆಂಬುದನ್ನೇ ಮರೆಯುತ್ತೇನೆ. ಇಲ್ಲಿಗೆ ಬಂದು ನಿಂತಿದ್ದೇನೆ.

ಮುಂಜಾನೆ ಎದ್ದ ಕೂಡಲೆ ಖಾಲಿ ಹೊಟ್ಟೆಯಲ್ಲಿ ಓಡಬೇಡ. ಕಮರುದ್ದೀನರ ತಾಯಿ ಹಾಜರಾಬಿಯವರ ಮಂಡಿನೋವಿಗೆ ಅವ್ವ ಎಣ್ಣೆ ಕಾಯಿಸಿಟ್ಟಿದ್ದಾಳೆ, ಯಾರಾದರೂ ಬಂದರೆ ಕಳಿಸುತ್ತೇನೆ. ಅವ್ವ ನಿನ್ನ ತಲೆ ಮೇಲೆ ಕೈ ಇಟ್ಟೆನೆಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ನಿನ್ನ ಅಕ್ಕ,
ಕರುಣಾ

ತಾ.ಕ.: ಟಪಾಲಿಗೆ ಹಾಕುವ ಮುನ್ನ ಫಾರ್ಮನ್ನೂ ಇದರೊಳಗೇ ಮಡಚಿಟ್ಟಿದ್ದೇನೆ. ಜೊತೆ ಓಡುವವರ ಜಾಗದಲ್ಲಿ ಕಮರುದ್ದೀನರ ಹೆಸರು ಬರೆದೆ. ಸರಿಯೋ ತಪ್ಪೋ, ಬರೆದ ಮೇಲೂ ಗೊತ್ತಾಗಲಿಲ್ಲ. ಇಬ್ಬರ ಸಹಿಯೂ ಬೇಕು, ಶನಿವಾರ ಕೊನೆಯ ದಿನ. ಕೆಳಗೆ, ಓಟದಲ್ಲಿ ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ನನ್ನ ಹೆಸರಿದೆ. ಕಮರುದ್ದೀನರೇ, ತಿರುಗುವ ಜಾಗದಲ್ಲಿ ಬದಿ ಬದಲಿಸಿ. ಅವನು ಸಮುದ್ರ ಹೇಗಿದೆ ಎಂದು ಕೇಳಿದರೆ "ಐತಿ" ಅಂದರೂ ಸಾಕು. ರಾಜಾ, ನಿನಗೆ ಸಿಟ್ಟು ಬಂದಿದ್ದರೆ ಹೆಸರು ಹೊಡೆದು ಹಾಕಿಸು, ಫೋನು ಮಾಡಿ ಬಾಯಿ ತುಂಬ ಬೈ, ಎಲ್ಲ ಕೇಳಿಸಿಕೊಳ್ಳುತ್ತೇನೆ. ಅವತ್ತಿನ ಹಾಗೆ "ಹೂಂ" ಎಂದು ಮಾತ್ರ ಸುಮ್ಮನಾಗಬೇಡ.